ಕೆಮ್ಮಿನಡಿಯ ಹೆಸರು

ಪಾದ್ರಿ ಅರ್ಸೇನಿಯವರಿಗೆ ಕೆಮ್ಮು ಬರುತ್ತಿದ್ದುದು ಪ್ರಾರ್ಥನೆಯ ಒಂದೇ ಒಂದು ಜಾಗದಲ್ಲಿ. ಅದನ್ನು ಮೊದಲು ಗುರುತಿಸಿದವಳು ರಿಮ್ಮಾ ಪಾವ್ಲೊವ್ನಾ. ಗುರುತಿಸದೆ ಇರುವುದು ಅವಳಿಂದ ಸಾಧ್ಯವೂ ಇರಲಿಲ್ಲ. ನಿವೃತ್ತಳಾಗುವವರೆಗೂ ಅವಳು ಮಿಕೊಲಾಯಿವ್‌ನ ಹಡಗುಕಟ್ಟೆಯ ಪ್ರಯೋಗಾಲಯದಲ್ಲಿ ಎಂಜಿನ್ನುಗಳ ಸದ್ದು ಅಳೆಯುತ್ತಿದ್ದವಳು. ಅದರ ಜೊತೆಜೊತೆಗೇ, ಹೆಚ್ಚುಕಡಿಮೆ ಅಷ್ಟೇ ವರ್ಷ, ಈ ಚರ್ಚಿನ ಹಾಡುಗಾರರ ಮೇಳ ನಡೆಸಿಕೊಂಡು ಬಂದವಳು. ಎದೆಯೊಳಗಿಂದ ಎದ್ದು ಬರುವ ಕೆಮ್ಮು ಯಾವುದು, ಗಂಟಲಿನಲ್ಲೇ ತಯಾರಾದ ಕೆಮ್ಮು ಯಾವುದು ಎಂದು ತಿಳಿಯಲು ಅವಳಿಗೆ ಯಂತ್ರ ಬೇಕಾಗಿರಲಿಲ್ಲ.

ಆ ಜಾಗ ಯಾವುದೆಂದರೆ, ಪೂಜೆಯ ಶುರುವಿನ ಬೇಡಿಕೆಗಳ ನಡುವಿನದು. ಪಾದ್ರಿ, ಅಂದರೆ ಜನರ ಬಾಯಲ್ಲಿ ಬಾತ್ಯುಷ್ಕಾ, ಒಂದೊಂದೇ ಬೇಡಿಕೆ ಹೇಳಬೇಕು: ಲೋಕದ ಶಾಂತಿಗಾಗಿ, ಈ ಪಟ್ಟಣಕ್ಕಾಗಿ, ಒಳ್ಳೆಯ ಹವೆಗಾಗಿ, ಪ್ರಯಾಣದಲ್ಲಿರುವವರಿಗಾಗಿ. ಪ್ರತಿಯೊಂದಕ್ಕೂ ಮೇಳ ‘ಪ್ರಭುವೇ ಕರುಣಿಸು’ ಎಂದು ಹಾಡಬೇಕು. ಈ ಸಾಲಿನ ನಡುವೆ, ಇಂಥ ಚರ್ಚುಗಳಿಗೆಲ್ಲ ಮುಖ್ಯಸ್ಥನಾದ ಮಹಾಗುರುವಿನ ಹೆಸರು ಬರುತ್ತದೆ. ಹಿಂದಿನಿಂದಲೂ ಬರುತ್ತಿತ್ತು, ಯಾರೂ ಅದಕ್ಕೆ ಕಿವಿ ಕೊಟ್ಟವರಲ್ಲ. ಆದರೆ ಆ ಮಹಾಗುರು ಕೂತಿರುವುದು ಗಡಿಯಾಚೆ, ಯುದ್ಧ ಹೂಡಿದವರ ರಾಜಧಾನಿಯಲ್ಲಿ. ಈ ಊರಿನ ಮೇಲೆ ಬೀಳುತ್ತಿರುವುದೆಲ್ಲ ಬರುತ್ತಿರುವುದು ಅದೇ ಗಡಿಯಾಚೆಯಿಂದ. ಅದನ್ನು ಹಾರಿಸುವವರಿಗೆ ಆ ಮನುಷ್ಯ ಪೀಠದ ಮೇಲೆ ನಿಂತು ಒಳ್ಳೆಯದಾಗಲೆಂದು ಹರಸಿದ್ದನ್ನು ಊರವರೆಲ್ಲ ಫೋನಿನಲ್ಲಿ ನೋಡಿದ್ದರು. ಅದಾದ ಮೇಲೆಯೇ ಪಾದ್ರಿಯವರಿಗೆ ಕೆಮ್ಮು ಶುರುವಾದದ್ದು. ಬೇಡಿಕೆ ಶುರುಮಾಡುವಾಗ ದನಿ ಸರಿಯಾಗಿಯೇ ಇರುತ್ತಿತ್ತು. ಹೆಸರಿನ ಹತ್ತಿರ ಬಂದ ಕೂಡಲೇ ಖೊಕ್, ಖೊಕ್. ಕೆಮ್ಮು ನಿಲ್ಲುವಷ್ಟರಲ್ಲಿ ಹೆಸರು ದಾಟಿ ಹೋಗಿರುತ್ತಿತ್ತು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಯುದ್ಧ ಶುರುವಾದ ಫೆಬ್ರುವರಿಯಿಂದ ಚರ್ಚಿನ ಸದ್ದುಗಳೆಲ್ಲ ಬದಲಾಗಿದ್ದವು. ದೊಡ್ಡ ಗಂಟೆ ಮೌನವಾಗಿತ್ತು. ಮೊದಲ ವಾರದಲ್ಲಿ ಸಂಜೆಯ ಗಂಟೆ ಹೊಡೆದಾಗ ಬೀದಿಯ ಜನ ಹೆದರಿ ನೆಲಮಾಳಿಗೆಗೆ ಓಡಿದ್ದರು, ಒಬ್ಬ ಮುದುಕಿ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಮೇಲಿಂದ ಗಂಟೆಯವನಾದ ಯುಖಿಮ್ ಅಂಗಳದಲ್ಲಿ ಹಗ್ಗಕ್ಕೆ ಒಂದು ಮರದ ಹಲಗೆ ತೂಗುಹಾಕಿ ಸುತ್ತಿಗೆಯಿಂದ ಬಡಿಯುತ್ತಿದ್ದ. ಟೊಕ್, ಟೊಕ್, ಟೊಟೊಕ್. ಯಾರೋ ಮನೆ ರಿಪೇರಿ ಮಾಡುತ್ತಿದ್ದಾರೆ ಎನ್ನುವಂಥ ಸದ್ದು. ಸೈರನ್ನು ಎಷ್ಟು ಹೊತ್ತಿಗೆ ಬೇಕಾದರೂ ಕೂಗುತ್ತಿತ್ತು. ಅದು ಯಾವ ಸ್ವರದಲ್ಲಿ ಏರಿ ಎಲ್ಲಿ ನಿಲ್ಲುತ್ತದೆ ಎನ್ನುವುದು ರಿಮ್ಮಾಳಿಗೆ ಬಾಯಿಪಾಠವಾಗಿ, ಅದು ಕೂಗುವಾಗ ಮೇಳದ ಶ್ರುತಿಯನ್ನು ಅರ್ಧ ಸ್ವರ ಏರಿಸಿಬಿಡುತ್ತಿದ್ದಳು. ಸೈರನ್ನಿನೊಡನೆ ಅಪಶ್ರುತಿಯಲ್ಲಿ ಹಾಡುವುದಕ್ಕಿಂತ ಅದು ವಾಸಿ.

ಸಾವ್ವಾ ಇಲ್ಲಿಚ್ ಮೇಳದ ತಳದ ದನಿ. ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿ ನಿವೃತ್ತನಾದವನು. ಅವನ ದನಿ ಹಾಡಿನಲ್ಲಿ ಪ್ರತ್ಯೇಕವಾಗಿ ಕೇಳಿಸುತ್ತಿರಲಿಲ್ಲ. ನೆಲ ಹೇಗೆ ಕೇಳಿಸುವುದಿಲ್ಲವೋ ಹಾಗೆ. ಯುದ್ಧ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಭಾನುವಾರ, ಕೆಮ್ಮಿನ ನಂತರದ ‘ಪ್ರಭುವೇ ಕರುಣಿಸು’ ನೆಲವಿಲ್ಲದೆ ಗಾಳಿಯಲ್ಲಿ ನೇತಾಡಿತು. ಮುಂದಿನ ಬೇಡಿಕೆಗೆ ನೆಲ ವಾಪಸು ಬಂತು. ಮರುವಾರವೂ ಹಾಗೆಯೇ ಆಯಿತು.

"ಸಾವ್ವಾ ಇಲ್ಲಿಚ್, ಆ ಒಂದು ಕಡೆ ನಿಮ್ಮ ದನಿ ಎಲ್ರೀ ಹೋಗಿತ್ತು?" ಎಂದು ಪೂಜೆಯ ನಂತರ ಅಂಗಳದಲ್ಲಿ ಅವನನ್ನು ಹಿಡಿದು ನಿಲ್ಲಿಸಿದಳು.

"ಸಿಗರೇಟು ಸೇದೋಕೆ ಹೊರಗಡೆ ಹೋಗಿತ್ತು."

"ತಮಾಷೆ ಬೇಡ."

"ವಯಸ್ಸಾಯ್ತಲ್ಲಮ್ಮ, ಉಸಿರು ಸಾಲಲ್ಲ. ಎಲ್ಲಾದ್ರೂ ಒಂದು ಕಡೆ ದಮ್ಮು ತಗೋಬೇಕು. ಆ ಜಾಗ ನನಗೆ ಅನುಕೂಲ."

"ಹಾಡಿದ್ರೆ ಪೂರ್ತಿ ಹಾಡಿ. ಇಲ್ಲಾಂದ್ರೆ ಬಾಗಿಲ ಹತ್ರ ಮೇಣದಬತ್ತಿ ಮಾರ್ಕೊಂಡು ಕೂತ್ಕೊಳ್ಳಿ. ನನ್ನ ಮೇಳ ಕುಂಟ್ತಾ ಇದೆ."

"ಕುಂಟಲಿ ಬಿಡಿ, ರಿಮ್ಮಾ ಪಾವ್ಲೊವ್ನಾ. ಯಾರು ಓಟದ ಪಂದ್ಯಕ್ಕೆ ಹೋಗ್ಬೇಕಾಗಿದೆ ಈಗ?"

ಅವನು ನಗುತ್ತಾ ಹೊರಟುಹೋದ. ಅವಳಿಗೆ ನಗು ಬರಲಿಲ್ಲ. ಹೆಸರಿನ ಬಗ್ಗೆ ಅವಳಿಗೂ ಸಿಟ್ಟಿತ್ತು. ಅರ್ಧ ಮೇಳ ಆ ಸಿಟ್ಟಿನಲ್ಲೇ ಬೇರೆ ಚರ್ಚಿಗೆ ಹೋಗಿಬಿಟ್ಟಿತ್ತು. ತಾನು ಉಳಿದದ್ದು ಹಾಡು ಉಳಿಯಲಿ ಎಂದು, ಅಷ್ಟೇ. ಬೆಳಗಾದರೆ ಗೋಡೆಗಳು ಬೀಳುವ ಊರಿನಲ್ಲಿ ನಾಲ್ಕು ದನಿ ಒಂದಕ್ಕೊಂದು ಆತುಕೊಂಡು ನಿಲ್ಲುವುದನ್ನಾದರೂ ಕೆಡಿಸಬಾರದು ಎಂಬುದು ಅವಳ ವಾದ. ಆ ವಾದದಲ್ಲಿ ತಪ್ಪೇನೂ ಅವಳಿಗೆ ಆಗ ಕಂಡಿರಲಿಲ್ಲ.

ಜುಲೈ ತಿಂಗಳಲ್ಲಿ ಸಾವ್ವಾ ಸತ್ತ. ಊರಿನ ನಲ್ಲಿಗಳಲ್ಲಿ ವಸಂತದಿಂದಲೂ ಉಪ್ಪು ನೀರು. ಹಳದಿ ಬಣ್ಣ, ತುಕ್ಕಿನ ವಾಸನೆ. ಕುಡಿಯುವ ನೀರಿಗೆ ಲಾರಿಯ ಮುಂದೆ ಸಾಲು ನಿಲ್ಲಬೇಕು. ಸಾಲಿನ ಮೇಲೆಯೇ ಶೆಲ್ಲು ಬಿತ್ತು. ಸೈರನ್ನು ಕೂಗಿದ್ದು ಬಿದ್ದ ಮೇಲೆ. ಸಾವ್ವಾನ ಕೈಯಲ್ಲಿ ಎರಡು ದೊಡ್ಡ ಬಾಟಲಿಗಳಿದ್ದವು, ಒಂದು ಮನೆಗೆ, ಇನ್ನೊಂದು ಚರ್ಚಿಗೆ. ಮನೆಯ ಬಾಟಲಿ ಒಡೆದು ಹೋಗಿತ್ತು. ಇನ್ನೊಂದನ್ನು ಯಾರೋ ಮುಚ್ಚಳದ ಮೇಲೆ ಮಸಿಯಲ್ಲಿ ಬರೆದಿದ್ದ ‘ಚರ್ಚು’ ಎಂಬ ಅಕ್ಷರ ನೋಡಿ ತಂದು ಪಾದ್ರಿಯವರ ಕೋಣೆಯಲ್ಲಿ ಇಟ್ಟುಹೋದರು.

ಅವನ ಹೆಂಡತಿ ನೇಲ್ಯಾ ಅಡುಗೆಮನೆಯಲ್ಲಿ ಕೂತಿದ್ದಳು. ರಿಮ್ಮಾ ಹೋದಾಗ ಅವಳು ಶ್ರಾದ್ಧದ ಗೋಧಿ ಬೇಯಿಸುತ್ತಿದ್ದಳು, ಜೇನು ಪಕ್ಕದಲ್ಲಿತ್ತು. ಅತ್ತಿರಲಿಲ್ಲ. ಟೀ ಮಾಡಿಕೊಟ್ಟಳು. ಟೀ ಉಪ್ಪುಪ್ಪಾಗಿತ್ತು.

"ನೀರು ನಲ್ಲೀದು. ಕ್ಷಮಿಸಿ. ಒಳ್ಳೆ ನೀರು ತರೋಕೆ ಹೋದೋನು ತರ್ಲಿಲ್ಲ," ಎಂದಳು ನೇಲ್ಯಾ.

ರಿಮ್ಮಾ ಕುಡಿದಳು.

"ನಾಳೆ ಪೆಟ್ಟಿಗೇನ ಬೆಳಗಿನ ಪೂಜೆಗೇ ಒಳಗೆ ಇಡ್ತೀವಿ ಅಂತ ಬಾತ್ಯುಷ್ಕಾ ಹೇಳಿದಾರೆ. ಪೂಜೆ ಮುಗಿದ್ಮೇಲೆ ಅಂತ್ಯಸಂಸ್ಕಾರದ ಪ್ರಾರ್ಥನೆ. ಸಾವ್ವಾಗೆ ಪೂರ್ತಿ ಪೂಜೆ ಅಂದ್ರೆ ಇಷ್ಟ, ಅದಕ್ಕೆ ಹೂಂ ಅಂದೆ." ನೇಲ್ಯಾ ಗೋಧಿಯನ್ನು ತಿರುವಿದಳು. "ಆದ್ರೆ ಆ ಹೆಸರು ಬೇಡ. ಅವನ ತಲೆ ಹತ್ರ ನಿಂತ್ಕೊಂಡು ಆ ಹೆಸರು ಹೇಳ್ಬಾರ್ದು. ನಿಮ್ಮ ಕೈಲಿ ಏನಾದ್ರೂ ಆಗುತ್ತಾ?"

"ಬಾತ್ಯುಷ್ಕಾ ಕೆಮ್ಮಿ ಮುಚ್ಚಿಬಿಡ್ತಾರೆ, ನೇಲ್ಯಾ. ಕೇಳ್ಸಲ್ಲ."

"ನನಗೆ ಕೇಳ್ಸುತ್ತೆ. ಕೆಮ್ಮಿನ ಅಡೀಲೂ ಕೇಳ್ಸುತ್ತೆ. ಸಾವ್ವಾಗೂ ಕೇಳಿಸ್ತಿತ್ತು." ಅವಳು ಸೌಟು ಕೆಳಗಿಟ್ಟಳು. "ಅವನಿಗೆ ಉಸಿರು ಸಾಲ್ತಿರ್ಲಿಲ್ಲ ಅಂತ ನಂಬಿದ್ರಾ ನೀವು? ಐದನೇ ಮಹಡಿಗೆ ಎರಡು ಕೈಲೂ ನೀರು ಹೊತ್ಕೊಂಡು ಹಾಡ್ತಾ ಬರ್ತಿದ್ದ ಮನುಷ್ಯ."

ರಿಮ್ಮಾ ಅಲ್ಲಿಂದ ನೇರ ಚರ್ಚಿಗೆ ಹೋದಳು. ದಾರಿಯ ಉದ್ದಕ್ಕೂ ಏಪ್ರಿಕಾಟ್ ಹಣ್ಣುಗಳು ಮರದಿಂದ ಉದುರಿ ಕೊಳೆಯುತ್ತಿದ್ದವು. ಆರಿಸುವವರು ಊರು ಬಿಟ್ಟಿದ್ದರು. ಅವಳ ಒಳಗೆ ಸಿಟ್ಟು ಒಂದೇ ಸಮ ಏರುತ್ತಿತ್ತು, ಸವೆದ ಬೇರಿಂಗಿನ ಸದ್ದು ವೇಗ ಹೆಚ್ಚಿದಂತೆ ಏರುವ ಹಾಗೆ.

ಪಾದ್ರಿ ಅರ್ಸೇನಿ ಕೋಣೆಯಲ್ಲಿ ಒಬ್ಬರೇ ಕೂತು ಧೂಪದ ಬಟ್ಟಲು ಉಜ್ಜುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ನೆಲಮಾಳಿಗೆಯಲ್ಲಿ ಮುದುಕಿಯರಿಗೆ ಹಾಸಿಗೆ ಹಾಕಿಸಿದವರು, ಶೆಲ್ಲು ಬೀಳುವಾಗ ಆಸ್ಪತ್ರೆಗೆ ನಡೆದುಹೋಗಿ ಬಂದವರು. ಅದೇ ರಿಮ್ಮಾಳನ್ನು ಇನ್ನಷ್ಟು ಕೆರಳಿಸುತ್ತಿತ್ತು. ಶೆಲ್ಲಿಗೆ ಹೆದರದವರು ಬಿಷಪ್ಪರ ಒಂದು ಫೋನಿಗೆ ಹೆದರುತ್ತಾರಲ್ಲ.

"ಬಾತ್ಯುಷ್ಕಾ, ನಿಮ್ಮ ಕೆಮ್ಮಿಗೆ ಏನು ಔಷಧಿ ತಗೊಳ್ತಿದೀರಿ?"

"ಯಾವ ಕೆಮ್ಮು?"

"ಪೂಜೆ ದಿನ ಮಾತ್ರ ಬರುತ್ತಲ್ಲ, ಅದು. ಒಂದೇ ಹೆಸರಿಗೆ ಬರುತ್ತಲ್ಲ."

ಅವರು ಬಟ್ಟಲು ಉಜ್ಜುವುದನ್ನು ನಿಲ್ಲಿಸಲಿಲ್ಲ. "ನೇಲ್ಯಾ ಹೇಳಿ ಕಳ್ಸಿದ್ಲಾ?"

"ಹೌದು. ಆದ್ರೆ ನಾನೂ ಕೇಳ್ತಿದೀನಿ. ಆ ಕೆಮ್ಮು ಯಾರಿಗೋಸ್ಕರ? ಜನಕ್ಕೆ ಕೇಳ್ಬಾರ್ದು ಅಂತಾನೋ, ದೇವರಿಗೆ ಕೇಳ್ಬಾರ್ದು ಅಂತಾನೋ?"

"ಹೆಸರು ಬಿಟ್ಟುಬಿಟ್ರೆ ಸಂಜೆಯೊಳಗೆ ಬಿಷಪ್ಪರಿಗೆ ಸುದ್ದಿ ಹೋಗುತ್ತೆ. ಯಾರ್ ಹೇಳ್ತಾರೋ ಗೊತ್ತಿಲ್ಲ, ಆದ್ರೆ ಹೋಗುತ್ತೆ. ನನ್ನ ತೆಗೆದುಹಾಕ್ತಾರೆ. ನನ್ನ ಜಾಗಕ್ಕೆ ಬರೋನು ಕೆಮ್ಮೋದೂ ಇಲ್ಲ, ಗಟ್ಟಿಯಾಗೇ ಹೇಳ್ತಾನೆ. ಅದು ಬೇಕಾ ನಿಮ್ಗೆ?"

"ಬೇಕು! ಗಟ್ಟಿಯಾಗಿ ಹೇಳಿದ್ರೆ ಎದ್ದುಹೋಗಬೇಕು ಅಂತ ಜನಕ್ಕಾದ್ರೂ ತಿಳಿಯುತ್ತೆ. ನೀವು ಮಾಡ್ತಿರೋದು ಏನು? ಬಿಷಪ್ಪರ ಕಡೆಯವರಿಗೂ ಕೆಮ್ಮು, ನಮಗೂ ಕೆಮ್ಮು. ಅವರು ಹೆಸರು ಹೇಳಿದ್ರಲ್ಲ ಅಂತ ಸುಮ್ನಿರ್ತಾರೆ, ನಾವು ಕೇಳಿಸಲಿಲ್ವಲ್ಲ ಅಂತ ಸುಮ್ನಿರ್ತೀವಿ." ಅವಳು ಮೂಲೆಯಲ್ಲಿದ್ದ ಬಾಟಲಿಯತ್ತ ಕೈ ತೋರಿಸಿದಳು. "ಅದನ್ನ ಯಾರು ತಂದಿದ್ದು ಗೊತ್ತಲ್ಲ? ನಿಮಗೆ, ಪೂಜೆಗೆ. ಅದನ್ನ ತರೋವಾಗ ಅವನ ಮೇಲೆ ಬಿದ್ದಿದ್ದನ್ನ ಹರಸಿ ಕಳಿಸಿದೋನ ಹೆಸರನ್ನ, ಅವನ ಪೆಟ್ಟಿಗೆ ಮುಂದೆ..."

ಪಾದ್ರಿಯವರು ಬಟ್ಟಲನ್ನು ಮೇಜಿನ ಮೇಲಿಟ್ಟು ಮೊದಲ ಸಲ ಅವಳ ಮುಖ ನೋಡಿದರು.

"ರಿಮ್ಮಾ ಪಾವ್ಲೊವ್ನಾ, ಆ ಹೆಸರು ಪೂಜೇಲಿ ಎರಡು ಸಲ ಬರುತ್ತೆ. ನಡುವೆ ದ್ರಾಕ್ಷಾರಸದ ಪವಿತ್ರ ಪಾತ್ರೆ ಹಿಡ್ಕೊಂಡು ಹೊರಗೆ ಬಂದು ಜನರ ಎದುರಿಗೆ ನಿಂತ್ಕೊಂಡು ಹೇಳ್ತೀನಲ್ಲ, ಆಗ ನಾನು ಕೆಮ್ಮೋ ಹಾಗಿಲ್ಲ. ಕೆಮ್ಮಿದ್ರೆ ಪಾತ್ರೆ ತುಳುಕುತ್ತೆ. ಆಗ ಹೆಸರು ಮುಚ್ತಿರೋದು ಯಾರು?"

ಅವರು ಉಜ್ಜುವ ಬಟ್ಟೆಯನ್ನು ಮಡಚಿ ಬಟ್ಟಲ ಪಕ್ಕಕ್ಕಿಟ್ಟರು.

"ನಿಮ್ಮ ಆಮೆನ್. ನಾನು ಹೇಳಿ ಮುಗ್ಸೋಕೆ ಮುಂಚೆನೇ ಶುರು ಮಾಡ್ತೀರಿ. ಮಾರ್ಚಿಂದ. ನನ್ನ ಗಂಟಲು ನಿಮಗೆ ಕೇಳಿಸಿತು. ನಿಮ್ಮ ಕೈ ನನಗೆ ಕಾಣಿಸ್ತಿತ್ತು."

ನಿಜ. ಪಾದ್ರಿಯವರು ಪಾತ್ರೆ ಹಿಡಿದು ಹೊರಬರುವ ಹೊತ್ತಿಗೆ ಮೇಳ ಉದ್ದನೆಯ ಹಾಡೊಂದರ ಅರ್ಧದಲ್ಲಿ ನಿಲ್ಲಬೇಕು. ಅವರು ಹೆಸರುಗಳನ್ನು ಹೇಳಿ ಮುಗಿಸಿದ ಮೇಲೆ ಆಮೆನ್ ಎಂದು ಉಳಿದರ್ಧ ಹಾಡಬೇಕು. ಆ ಉಳಿದರ್ಧದ ಹೊತ್ತಿನಲ್ಲೇ ಅವರು ಪಾತ್ರೆಯೊಡನೆ ಒಳಗೆ ಹೋಗುವುದು. ಮಾರ್ಚಿನಿಂದ ಅವಳ ಕೈ ಒಂದು ಉಸಿರು ಮುಂಚೆಯೇ ಮೇಲೇಳುತ್ತಿತ್ತು. ಶೆಲ್ಲಿನ ಕಾಲ, ಪೂಜೆ ಬೇಗ ಮುಗಿಯಲಿ ಎಂದು ಹಾಗೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅಳೆದು ನೋಡುವುದೇ ಕಸುಬಾಗಿದ್ದವಳು ತನ್ನ ಕೈಯನ್ನು ಮಾತ್ರ ಅಳೆದಿರಲಿಲ್ಲ.

"ಸರಿ," ಎಂದಳು. "ನಾಳೆ ನನ್ನ ಕಡೆಯಿಂದ ಮುಚ್ಚಳ ಸಿಗಲ್ಲ. ಹೆಸರು ಹೇಳಿದ್ರೆ ಮೇಳ ಬಾಯಿ ಬಿಡಲ್ಲ. ಎರಡು ಕಡೇನೂ."

"ಬೆದರಿಕೇನಾ?"

"ಅಲ್ಲ. ಮುಂಚೆನೇ ಹೇಳ್ತಿದೀನಿ, ಅಷ್ಟೇ. ಕೆಮ್ಮದೆ ಹೇಳ್ತಿದೀನಿ."

ಬೆಳಿಗ್ಗೆ ಪೂಜೆಗೆ ಮುಂಚೆ ಮೇಳವನ್ನು ಮೂಲೆಯಲ್ಲಿ ಸೇರಿಸಿ ವಿಷಯ ಹೇಳಿದಳು. ಉಳಿದವರೇ ಕೆಲವರು: ಕ್ಲಾರಾ, ಔಷಧಿ ಅಂಗಡಿಯವನು, ಮದುವೆಯಾಗದ ಇಬ್ಬರು ಅಕ್ಕತಂಗಿಯರು. ಯಾರೂ ಎದುರಾಡಲಿಲ್ಲ. ತೊಂದರೆ ಬೇರೆಯೇ ಇತ್ತು.

"ಸುಮ್ನಿರಬೇಕು ಅಂತೀರಿ, ಸರಿ," ಎಂದಳು ಕ್ಲಾರಾ. ಅವಳು ದಪ್ಪಗೆ, ಮಾತಿನ ಮಲ್ಲಿ. "ಆದ್ರೆ ನನ್ನ ಬಾಯಿಗೆ ಅದನ್ನ ಯಾರು ಹೇಳೋರು? ನನ್ನ ಗಂಡ ಬದುಕಿರೋವರೆಗೂ ಹೇಳಿ ಹೇಳಿ ಸೋತ. ಟ್ರಾಲಿ ಬಸ್ಸಿನಲ್ಲಿ ಏನಾಯ್ತು ನೆನಪಿದೆಯಲ್ಲ?"

ಎಲ್ಲರಿಗೂ ನೆನಪಿತ್ತು. ಡ್ರೈವರು ಮುಂದಿನ ನಿಲ್ದಾಣದ ಹೆಸರನ್ನು ರಾಗವಾಗಿ ಕೂಗಿದ್ದ; ಅರ್ಧ ನಿದ್ದೆಯಲ್ಲಿದ್ದ ಕ್ಲಾರಾ ತುಂಬಿದ ಬಸ್ಸಿನ ನಡುವೆ ‘ಪ್ರಭುವೇ ಕರುಣಿಸು’ ಎಂದು ಗಟ್ಟಿಯಾಗಿ ಹಾಡಿಬಿಟ್ಟಿದ್ದಳು. ಜೊತೆಗಿದ್ದ ಅಕ್ಕತಂಗಿಯರೂ ಮೂರನೇ ಸ್ವರ ಸೇರಿಸಿದ್ದರು. ವರ್ಷಗಟ್ಟಲೆ ಹಾಡಿದವರ ಬಾಯಿ ಹಾಗೆ. ಬೇಡಿಕೆ ಇಳಿಯುವ ದನಿ ಕೇಳಿದರೆ ಸಾಕು, ತಲೆಯನ್ನು ಕೇಳದೆ ತಾನೇ ತೆರೆದುಕೊಳ್ಳುತ್ತದೆ.

"ನನ್ನ ಕೈ ನೋಡ್ತಾ ಇರಿ," ಎಂದಳು ರಿಮ್ಮಾ. ಬಡಿದರೆ ಸ್ವರ ಕೊಡುವ ಶ್ರುತಿಯ ಕವಲುಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದಳು. "ಮುಷ್ಟಿ ಕೆಳಗಿದ್ರೆ ಯಾರೂ ಉಸಿರೂ ಬಿಡ್ಬೇಡಿ. ಕ್ಲಾರಾ, ನೀನು ನಾಲಿಗೆ ಕಚ್ಕೊ."

"ಕಚ್ಚಿ ತುಂಡಾದ್ರೆ ಊರಿಗೇ ಉಪಕಾರ ಅಂತೀರಿ," ಎಂದು ಕ್ಲಾರಾ ಶಾಲಿನ ತುದಿಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡಳು. ಕಣ್ಣು ಮಾತ್ರ ಸಾವ್ವಾ ನಿಲ್ಲುತ್ತಿದ್ದ ಜಾಗದ ಮೇಲಿತ್ತು. ಆ ಜಾಗವನ್ನು ಯಾರೂ ತುಂಬಿರಲಿಲ್ಲ.

ಹೊರಗೆ ಯುಖಿಮ್ ಹಲಗೆ ಬಡಿದ. ಪೆಟ್ಟಿಗೆಯನ್ನು ತಂದರು, ನಡುವೆ ಇಟ್ಟರು. ಮುಚ್ಚಳ ಹಾಕಿಯೇ ಇತ್ತು, ತೆರೆಯುವ ಹಾಗಿರಲಿಲ್ಲ. ನೇಲ್ಯಾ ಗೋಧಿಯ ಬಟ್ಟಲನ್ನು ಪಕ್ಕದ ಮೇಜಿನ ಮೇಲಿಟ್ಟು ಅದರ ನಡುವೆ ಮೇಣದಬತ್ತಿ ನಿಲ್ಲಿಸಿದಳು. ಹಡಗುಕಟ್ಟೆಯ ಹಳೆಯ ಗೆಳೆಯರು ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಗುಂಪಾಗಿ ನಿಂತರು. ಚರ್ಚಿನ ಅಭ್ಯಾಸವಿಲ್ಲದವರು, ಯಾವಾಗ ಶಿಲುಬೆಯ ಗುರುತು ಮಾಡಬೇಕೆಂದು ಮುದುಕಿಯರನ್ನು ನೋಡಿ ನೋಡಿ, ಒಂದು ಕ್ಷಣ ತಡವಾಗಿ ಮಾಡುತ್ತಿದ್ದರು.

ಪಾದ್ರಿಯವರು ಬೆನ್ನು ಹಾಕಿ ಬೇಡಿಕೆಗಳನ್ನು ಶುರುಮಾಡಿದರು. ಶಾಂತಿಗಾಗಿ. ರಿಮ್ಮಾಳ ಕೈ ಎದ್ದಿತು, ಮೇಳ ಹಾಡಿತು. ತಳವಿಲ್ಲದ ಹಾಡು. ಲೋಕಕ್ಕಾಗಿ. ಈ ಆಲಯಕ್ಕಾಗಿ. ಅವಳು ಮುಷ್ಟಿ ಬಿಗಿದು ತೊಡೆಗೆ ಒತ್ತಿಕೊಂಡಳು. ಮುಂದಿನ ಬೇಡಿಕೆ ಬಂತು. ದನಿ ಏರಿತು, ಹೆಸರಿನ ಹತ್ತಿರ ಬಂತು, ಖೊಕ್, ಖೊಕ್. ಕೆಮ್ಮಿನ ಅಡಿಯಲ್ಲಿ ಹೆಸರು ಹರಿದುಹೋಯಿತು. ದನಿ ಇಳಿಯಿತು.

"ಪ್ರಭು..."

ಒಂದೇ ದನಿ, ಸ್ಪಷ್ಟವಾಗಿ, ಸರಿಯಾದ ಶ್ರುತಿಯಲ್ಲಿ. ಯಾರಿದು ಎಂದು ಸಿಟ್ಟಿನಿಂದ ಕ್ಲಾರಾಳ ಕಡೆ ತಿರುಗಿದಾಗಲೇ ರಿಮ್ಮಾಳಿಗೆ ತಿಳಿದದ್ದು, ಬಾಯಿ ತೆರೆದಿರುವುದು ತನ್ನದೇ ಎಂದು. ಕ್ಲಾರಾ ಶಾಲು ಕಚ್ಚಿಕೊಂಡು ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದಳು. ರಿಮ್ಮಾ ಹಲ್ಲು ಕಚ್ಚಿದಳು. ಪದ ಅಲ್ಲಿಗೇ ತುಂಡಾಯಿತು.

ಸುಮ್ಮನಿದ್ದಿದ್ದರೆ ಮೇಳ ಮರೆತಿದೆ ಎಂದು ಜನ ಅಂದುಕೊಳ್ಳುತ್ತಿದ್ದರೇನೋ. ಅರ್ಧದಲ್ಲಿ ಕಚ್ಚಿ ಹಿಡಿದ ಪದದಿಂದ ಎಲ್ಲರಿಗೂ ವಿಷಯ ತಿಳಿದುಹೋಯಿತು. ಮುದುಕಿಯರು ತಲೆ ಎತ್ತಿದರು. ಪಾದ್ರಿಯವರ ಭುಜಗಳು ಒಂದು ಕ್ಷಣ ಗಟ್ಟಿಯಾದವು. ಆಮೇಲೆ ಏನೂ ಆಗದ ಹಾಗೆ ಅವರು ಮುಂದಿನ ಬೇಡಿಕೆಗೆ ಹೋದರು: ಈ ಪಟ್ಟಣಕ್ಕಾಗಿ. ಅದಕ್ಕೆ ಮೇಳ, ಅವಳ ಕೈ ಏಳುವ ಮೊದಲೇ, ಅಭ್ಯಾಸಬಲದಿಂದ ಹಾಡಿಬಿಟ್ಟಿತು.

ನುಂಗಿದರು, ಎಂದುಕೊಂಡಳು ರಿಮ್ಮಾ. ಹೆಸರನ್ನು ನುಂಗಿದ ಹಾಗೆಯೇ ಈ ಮೌನವನ್ನೂ ನುಂಗಿ ನೀರು ಕುಡಿದರು. ಅವಳ ಕಿವಿ ಬಿಸಿಯಾಯಿತು. ಸಾವ್ವಾನ ಪೆಟ್ಟಿಗೆಯ ಮೇಲೆ ಆ ಹೆಸರು ಬಿದ್ದಾಗಿತ್ತು. ನೇಲ್ಯಾ ಅಲುಗದೆ ನಿಂತಿದ್ದಳು, ಅವಳ ಕೈಯಲ್ಲಿದ್ದ ಇನ್ನೊಂದು ಮೇಣದಬತ್ತಿಯಿಂದ ಮೇಣ ಬೆರಳ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಉದ್ದನೆಯ ಹಾಡು ಬಂತು. ಅವಳು ಅದನ್ನು ಎಂದಿಗಿಂತ ನಿಧಾನವಾಗಿ ನಡೆಸಿದಳು. ಪಾದ್ರಿಯವರು ಪಾತ್ರೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಪಕ್ಕದ ಬಾಗಿಲಿನಿಂದ ಹೊರಬಂದು ನಡುವೆ ನಿಂತರು. ಈಗ ಅವರ ಮುಖ ಜನರ ಕಡೆಗಿತ್ತು. ಎದುರಿಗೆ ಪೆಟ್ಟಿಗೆ, ಅದರ ಆಚೆ ನೇಲ್ಯಾ. ಅರ್ಧ ಹಾಡು ಮುಗಿದು ಮೇಳ ನಿಂತಿತು.

ಅವರು ಹೆಸರುಗಳನ್ನು ಹೇಳತೊಡಗಿದರು. ಮೊದಲನೆಯದೇ ಅದು. ಪಾತ್ರೆ ತುಂಬಿತ್ತು, ಕೆಮ್ಮುವ ಹಾಗಿರಲಿಲ್ಲ. ರಿಮ್ಮಾಳ ಕೈ ಏಳಲಿಲ್ಲ. ಎಷ್ಟೋ ತಿಂಗಳ ನಂತರ ಆ ಹೆಸರು ಮುಚ್ಚುಮರೆಯಿಲ್ಲದೆ, ಬಿರುದುಗಳ ಸಮೇತ, ಗುಮ್ಮಟದ ಅಡಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ತಮ್ಮ ಬಾಯಿಂದಲೇ ಬಂದ ಅದನ್ನು ಕೇಳಿ ಪಾದ್ರಿಯವರಿಗೇ ಬೆಚ್ಚಿದಂತಾಯಿತು. ಬಾಗಿಲ ಹತ್ತಿರದ ಹಡಗುಕಟ್ಟೆಯವರಲ್ಲಿ ಒಬ್ಬ ಗಟ್ಟಿಯಾಗಿಯೇ ಕೇಳಿದ, "ಯಾರ ಹೆಸರು ಹೇಳಿದ್ದು ಈಗ? ಅವನದಾ?"

ಪಾದ್ರಿಯವರು ಉಳಿದದ್ದನ್ನು ತರಾತುರಿಯಿಂದ ಹೇಳಿ ಮುಗಿಸಿ ಆಮೆನ್‌ಗಾಗಿ ನಿಂತರು.

ಆಮೆನ್ ಬರಲಿಲ್ಲ.

ಆಮೆನ್ ಇಲ್ಲದೆ ಉಳಿದರ್ಧ ಹಾಡಿಲ್ಲ. ಹಾಡಿಲ್ಲದೆ ಪಾತ್ರೆ ಒಳಗೆ ಹೋಗುವ ಹಾಗಿಲ್ಲ. ಕೆಳಗಿಡುವ ಹಾಗಂತೂ ಇಲ್ಲವೇ ಇಲ್ಲ. ಇದು ಅವರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವರು ಮೇಳದ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಮುಷ್ಟಿ ಕೆಳಗೇ ಇತ್ತು. ಈ ಸಲ ಬಾಯಿಯ ಮೇಲೆ ಅವಳಿಗೆ ನಂಬಿಕೆಯಿಲ್ಲದೆ ಎಡಗೈಯನ್ನು ತುಟಿಗೆ ಒತ್ತಿಕೊಂಡಿದ್ದಳು.

ಸೈರನ್ನು ಶುರುವಾಯಿತು. ಕೆಳಗಿನಿಂದ ಎದ್ದು, ತೂಗಿ, ಮೇಲಿನ ಸ್ವರದಲ್ಲಿ ನಿಂತಿತು. ಸಾಮಾನ್ಯವಾಗಿ ಹೀಗಾದಾಗ ಪಾದ್ರಿಯವರು ಬೇಕಾದವರು ಕೆಳಗೆ ಹೋಗಬಹುದು ಎಂದು ಕೈಸನ್ನೆ ಮಾಡುತ್ತಿದ್ದರು. ಈಗ ಅವರ ಕೈಗೆ ಬಿಡುವಿರಲಿಲ್ಲ. ಯಾರೂ ಹೋಗಲೂ ಇಲ್ಲ. ಬಗ್ ನದಿಯ ಆಚೆ ಎಲ್ಲೋ ಒಂದು ಭಾರವಾದ ಸದ್ದಾಯಿತು, ಕಿಟಕಿಗೆ ಅಂಟಿಸಿದ್ದ ಟೇಪು ಪಟಪಟ ಎಂದಿತು. ಅವರ ತೋಳು ಸಣ್ಣಗೆ ನಡುಗತೊಡಗಿತು. ಪಾತ್ರೆಯ ಅಂಚಿನ ಮೇಲೆ ಬೆಳಕು ಅತ್ತಿತ್ತ ಆಡಿತು.

"ಬಾತ್ಯುಷ್ಕಾ," ಎಂದಳು ನೇಲ್ಯಾ. ಕೂಗಲಿಲ್ಲ, ಅಡುಗೆಮನೆಯಲ್ಲಿ ಮಾತಾಡಿದ ಹಾಗೆಯೇ ಮಾತಾಡಿದಳು. "ಅವನು ನಿಮಗೆ ನೀರು ತಂದ."

ಪಾದ್ರಿಯವರು ಕಣ್ಣು ಮುಚ್ಚಿದರು. ಉಸಿರೆಳೆದುಕೊಂಡರು. ಹೆಸರುಗಳನ್ನು ಮೊದಲಿನಿಂದ ಮತ್ತೆ ಶುರುಮಾಡಿದರು. ಮಹಾಗುರುವಿನ ಹೆಸರಿನ ಜಾಗಕ್ಕೆ ಬಂದಾಗ ಅಲ್ಲಿ ನಿಲ್ಲಲಿಲ್ಲ, ಕೆಮ್ಮಲಿಲ್ಲ, ಆ ಜಾಗವೇ ಇಲ್ಲವೇನೋ ಎಂಬಂತೆ ದಾಟಿಹೋದರು. ಈ ಪಟ್ಟಣ ಮತ್ತು ಇದನ್ನು ಕಾಯುವವರು. ಮಿಕ್ಕವರು. ಕೊನೆಗೆ, ಸೈರನ್ನಿನ ಮೇಲೆ ಕೇಳಿಸಬೇಕೆಂದು ದನಿ ಎತ್ತಿ, "ನಿನ್ನ ಸೇವಕ, ಈಗಷ್ಟೇ ತೀರಿಕೊಂಡ ಸಾವ್ವಾ."

ರಿಮ್ಮಾ ಕವಲುಕಡ್ಡಿಯನ್ನು ಬೆರಳ ಗಂಟಿಗೆ ಬಡಿದು ಕಿವಿಯ ಹತ್ತಿರ ಹಿಡಿದಳು. ಸೈರನ್ನಿಗೆ ಹೊಂದಲೆಂದು ಎಂದಿನದಕ್ಕಿಂತ ಅರ್ಧ ಸ್ವರ ಮೇಲೆ. ಕೈ ಎತ್ತಿದಳು. ಆಮೆನ್ ಬಂತು. ಬಾಗಿಲ ಹತ್ತಿರದ ಹಡಗುಕಟ್ಟೆಯವರೂ ಸೇರಿಸಿದರು, ತಡವಾಗಿ, ಒರಟಾಗಿ, ಶ್ರುತಿಗೆ ಎಲ್ಲೂ ಸೇರದೆ. ಅವಳಿಗೆ ಕಿವಿ ಉರಿಯಿತು. ಆದರೂ ಅವರ ಕಡೆ ಬೆರಳು ತೋರಿಸಲಿಲ್ಲ.

ಪ್ರಾರ್ಥನೆಗಳೆಲ್ಲ ಮುಗಿದ ಮೇಲೆ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದರು. ಯುಖಿಮ್ ಹಲಗೆ ಬಡಿಯುತ್ತಿದ್ದ. ಪಾದ್ರಿಯವರು ಅಂಗಳದ ಗೋಡೆಗೆ ಒರಗಿ ತೋಳು ತಿಕ್ಕಿಕೊಳ್ಳುತ್ತಿದ್ದರು.

"ಇನ್ನೂ ನಡುಕ ನಿಂತಿಲ್ಲ, ರಿಮ್ಮಾ ಪಾವ್ಲೊವ್ನಾ."

"ಒಂದು ಪಾತ್ರೆ ಹಿಡ್ಕೊಂಡಿದ್ದಕ್ಕೆ? ಅವನು ಎರಡು ಬಾಟಲಿ ಹಿಡ್ಕೊಂಡು ನಿಂತಿದ್ದ."

"ಕ್ಷಮಿಸಲ್ಲ ನೀವು."

"ಕ್ಷಮಿಸೋದು ನಿಮ್ಮ ಕೆಲಸ, ನಂದಲ್ಲ. ನಂದು ಹಾಡಿಸೋದು." ಅವಳು ತಲೆಬಟ್ಟೆ ಬಿಗಿದುಕೊಂಡಳು. "ಮೊದಲನೇ ಸಲಾನೇ ಬಿಡಬಹುದಿತ್ತು. ಬೇಡಿಕೇಲೇ ಬಿಡಬಹುದಿತ್ತು. ಎರಡೂ ಕೈ ಸಿಕ್ಕಿಹಾಕಿಕೊಳ್ಳೋವರೆಗೂ ಕಾದ್ರಿ."

ಅವರ ನಿಲುವಂಗಿಯೊಳಗೆ ಫೋನು ಗುಂಯ್‌ಗುಡತೊಡಗಿತು. ಇಬ್ಬರೂ ಅದನ್ನು ಕೇಳಿದರು.

"ಇಷ್ಟು ಬೇಗ," ಎಂದರು ಪಾದ್ರಿ.

"ಎತ್ತಿ. ಇಲ್ಲಾಂದ್ರೆ ನಾನು ಎತ್ತಲಾ?"

ಅವರು ಫೋನನ್ನು ಹೊರತೆಗೆದು ಪರದೆ ನೋಡಿದರು. ಗಂಟಲು ಸರಿಮಾಡಿಕೊಳ್ಳಲು ಹೋಗಿ, ಅವಳ ಮುಖ ನೋಡಿ, ಸರಿಮಾಡಿಕೊಳ್ಳದೆಯೇ ಕಿವಿಗೆ ಹಿಡಿದರು. "ಹೌದು, ಬಿಟ್ಟೆ," ಎಂದರು. ಬಹಳ ಹೊತ್ತು ಕೇಳಿಸಿಕೊಂಡರು. "ಹೌದು. ಮುಂದಿನ ವಾರಾನೂ."

ರಿಮ್ಮಾ ವ್ಯಾನಿನ ಕಡೆ ನಡೆದಳು. ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದಳು, ಇಳಿದಿರಲಿಲ್ಲ.

ಮುಂದಿನ ಭಾನುವಾರ ಪಾದ್ರಿ ಅರ್ಸೇನಿಯವರೇ ಇದ್ದರು. ಅದರ ಮುಂದಿನದ್ದನ್ನು ಯಾರೂ ಹೇಳುವ ಹಾಗಿರಲಿಲ್ಲ. ಬೇಡಿಕೆಗಳು ಬಂದವು. ಹೆಸರಿದ್ದ ಜಾಗ ಬಂತು, ಹೆಸರಿಲ್ಲದೆ, ಕೆಮ್ಮಿಲ್ಲದೆ ಹೋಯಿತು. ಅವಳು ಕೈ ಎತ್ತಿದಳು, ಮೇಳ ಹಾಡಿತು. ಅಭ್ಯಾಸದಂತೆ ಅವಳ ಕಿವಿ ಅಲ್ಲಿ ತಳದ ದನಿಯನ್ನು ಹುಡುಕಿತು, ಸಿಗಲಿಲ್ಲ. ಮುಂದಿನ ಬೇಡಿಕೆಗೆ ವಾಪಸು ಬರುತ್ತದೆಂದು ಕಾಯಿತು. ಸಾವ್ವಾ ಸುಮ್ಮನಿರುತ್ತಿದ್ದುದು ಒಂದೇ ಕಡೆ. ಅವಳು ಅದಕ್ಕೇ ಅವನನ್ನು ಬೈದಿದ್ದಳು. ಈಗ ಪಟ್ಟಣಕ್ಕಾಗಿ ಎಂದಾಗಲೂ, ಒಳ್ಳೆಯ ಹವೆಗಾಗಿ ಎಂದಾಗಲೂ, ಪ್ರಯಾಣದಲ್ಲಿರುವವರಿಗಾಗಿ ಎಂದಾಗಲೂ ಮೇಳ ಕುಂಟುತ್ತಲೇ ಇತ್ತು.